ಎರಡು ನೋಟ್‌ಬುಕ್: ಮನಸ್ಸು ಭಾರವಾದಾಗ ದೇವರ ನಂಬಿಕೆ ಬಿಡದೆ ಬರೆಯುವ ಕ್ರಮ

ಹಾಸನದ ಹಾಸನಾಂಬೆ ದೇವಸ್ಥಾನದ ಬಾಗಿಲು ವರ್ಷಕ್ಕೊಮ್ಮೆ, ದೀಪಾವಳಿಯ ಆಸುಪಾಸಿನಲ್ಲಿ ಮಾತ್ರ ತೆರೆಯುತ್ತದೆ. ದರ್ಶನ ಮುಗಿದು ಹುಂಡಿ ಎಣಿಸುವಾಗ ನೋಟು, ನಾಣ್ಯಗಳ ನಡುವೆ ಮಡಿಸಿದ ಚೀಟಿಗಳೂ ಸಿಗುತ್ತವೆ. ಪರೀಕ್ಷೆ, ಮದುವೆ, ಕೆಲಸ, ಮಕ್ಕಳು, ಮನೆಯ ಜಗಳ ಎಲ್ಲವೂ ಅವುಗಳಲ್ಲಿ ಇರುತ್ತವೆ. ಎದುರಿಗೆ ಕೂತವರಿಗೆ ಹೇಳಲಾಗದ್ದನ್ನು ಬರೆದು ದೇವರಿಗೆ ಒಪ್ಪಿಸುವುದನ್ನು ನಮ್ಮ ಜನಕ್ಕೆ ಯಾರೂ ಕಲಿಸಬೇಕಿಲ್ಲ. ಆದರೆ ಆ ಚೀಟಿಗೆ ಎರಡು ತೊಂದರೆ. ಒಂದು, ಹುಂಡಿಗೆ ಹಾಕಿದ ಮೇಲೆ ಅದು ದೇವಿಯ ಕೈಗಿಂತ ಮೊದಲು ಎಣಿಸುವವರ ಕೈ ಸೇರುತ್ತದೆ, ಕೆಲವು ಪತ್ರಿಕೆಯಲ್ಲೂ ಟಿವಿಯಲ್ಲೂ ಬರುತ್ತವೆ. ಹಾಗಾಗಿ ಹುಂಡಿಗೆ ಹಾಕುವ ಚೀಟಿಯಲ್ಲಿ ಹೆಸರು, ಊರು, ಫೋನ್ ನಂಬರ್ ಬರೆಯಲೇಬೇಡಿ. ಎರಡು, ವರ್ಷಕ್ಕೊಂದು ಚೀಟಿಯಿಂದ ದಿನದಿನದ ಭಾರ ಇಳಿಯುವುದಿಲ್ಲ.

ಅದೇ ಅಭ್ಯಾಸವನ್ನು ಮನೆಯಲ್ಲಿ, ಗುಟ್ಟಾಗಿ, ಅಳತೆ ಇಟ್ಟುಕೊಂಡು ಮಾಡಿದರೆ ಮನಸ್ಸಿಗೂ ಉಪಯೋಗ, ಚಿಕಿತ್ಸೆ ಬೇಕಾದಾಗ ಡಾಕ್ಟರಿಗೂ ಉಪಯೋಗ. ಅದನ್ನು ಮಾಡುವ ಕ್ರಮ ಇಲ್ಲಿದೆ. ನಂಬಿಕೆ ಇರುವವರಿಗಾಗಿ ಬರೆದದ್ದು. ಪೂಜೆ ಬಿಡಿ ಎಂದಾಗಲಿ, ಪೂಜೆಯೊಂದೇ ಸಾಕು ಎಂದಾಗಲಿ ಇಲ್ಲಿ ಹೇಳುವುದಿಲ್ಲ.

ಮೊದಲು: ಎರಡು ನೋಟ್‌ಬುಕ್, ಎರಡು ಜಾಗ

ಇನ್ನೂರು ಪುಟದ, ಗೆರೆ ಹಾಕಿದ ಎರಡು ನೋಟ್‌ಬುಕ್ ಕೊಳ್ಳಿ. ರಟ್ಟಿನ ಬಣ್ಣ ಬೇರೆ ಬೇರೆ ಇರಲಿ. ಒಂದು ಜಪದ್ದು, ಇನ್ನೊಂದು ಮನಸ್ಸಿನದು.

ಒಂದೇ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ದೇವರ ನಾಮ ಬರೆದ ಪುಟದ ಮಗ್ಗುಲಲ್ಲಿ ಅತ್ತೆಯ ಮೇಲಿನ ಸಿಟ್ಟು, ಗಂಡನ ಮೇಲಿನ ಅಸಹ್ಯ, ಸತ್ತುಹೋದ ಅಪ್ಪನ ಮೇಲಿನ ಕೋಪ ಬರೆಯಲು ಕೈ ಬರುವುದಿಲ್ಲ. ಬರೆದರೂ ನಯ ಮಾಡಿ ಬರೆಯುತ್ತೀರಿ, ನಿಜ ಒಳಗೇ ಉಳಿಯುತ್ತದೆ. ಇನ್ನೊಂದು ಕಾರಣ ಮಡಿ. ಅನೇಕ ಮನೆಗಳಲ್ಲಿ ಮುಟ್ಟಿನ ಮೂರ್ನಾಲ್ಕು ದಿನ, ಸೂತಕದ ದಿನಗಳಲ್ಲಿ ಜಪದ ಪುಸ್ತಕ ಮುಟ್ಟುವುದಿಲ್ಲ. ಮನಸ್ಸು ಹೆಚ್ಚು ಕುಸಿಯುವುದು ಎಷ್ಟೋ ಸಲ ಆ ದಿನಗಳಲ್ಲೇ. ಬರೆಯುವ ದಾರಿಯೂ ಆಗಲೇ ಮುಚ್ಚಿಹೋಗಬಾರದು. ಆದ್ದರಿಂದ ಜಪದ ನೋಟ್‌ಬುಕ್ ದೇವರ ಮನೆಯಲ್ಲಿರಲಿ. ಮನಸ್ಸಿನ ನೋಟ್‌ಬುಕ್ ಬೀರುವಿನಲ್ಲಿ, ಹಳೇ ಪುಸ್ತಕಗಳ ನಡುವೆ, ಆಫೀಸಿನ ಬ್ಯಾಗಿನಲ್ಲಿ ಎಲ್ಲಾದರೂ ಇರಲಿ, ದೇವರ ಮನೆಯಲ್ಲಿ ಮಾತ್ರ ಬೇಡ.

ಮನಸ್ಸಿನ ನೋಟ್‌ಬುಕ್‌ನ ಮೊದಲ ಪುಟದಲ್ಲಿ ಹೆಸರಿನ ಬದಲು ಒಂದು ನಂಬರ್ ಬರೆಯಿರಿ: 14416. ಇದು ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರುಮಾಡಿದ ಟೆಲಿ ಮನಸ್ ಸಹಾಯವಾಣಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅಮೆರಿಕದಲ್ಲಿರುವ ಕನ್ನಡಿಗರು 988, ಬ್ರಿಟನ್ನಿನಲ್ಲಿರುವವರು 116 123 ಬರೆದುಕೊಳ್ಳಿ. ಅದರ ಕೆಳಗೆ, ಅಪರಾತ್ರಿಯಲ್ಲೂ ಫೋನ್ ಎತ್ತುವ ಒಬ್ಬರ ನಂಬರ್ ಇರಲಿ.

ನಿಮ್ಮ ಬರಹ ಬೇರೆಯವರ ಕೈಗೆ ಸಿಕ್ಕರೆ ಏಟು ಬೀಳುವಂಥ ಮನೆ ನಿಮ್ಮದಾಗಿದ್ದರೆ ಈ ನೋಟ್‌ಬುಕ್ ಇಡಬೇಡಿ. ಬಿಡಿ ಹಾಳೆಯಲ್ಲಿ ಬರೆದು, ಆಗಲೇ ನೀರಿನಲ್ಲಿ ನೆನೆಸಿ ಕಿವುಚಿಬಿಡಿ. ಮಹಿಳಾ ಸಹಾಯವಾಣಿ 181 ನೆನಪಿನಲ್ಲಿರಲಿ.

ಜಪದ ನೋಟ್‌ಬುಕ್: 108 ಸಲ, ಅಷ್ಟೇ

ನಾಮವನ್ನು ಬರೆದು ಜಪಿಸುವುದಕ್ಕೆ ಲಿಖಿತ ಜಪ ಎನ್ನುತ್ತಾರೆ. ರಾಮಕೋಟಿ ಅದರಲ್ಲಿ ಎಲ್ಲರಿಗೂ ಗೊತ್ತಿರುವುದು. ಮನೆದೇವರ ಹೆಸರು, ಗುರುಗಳ ಹೆಸರು, ಪಂಚಾಕ್ಷರಿ ಯಾವುದಾದರೂ ಆದೀತು. ಚಿಕ್ಕದಿದ್ದಷ್ಟು ಒಳ್ಳೆಯದು.

ಒಂದು ಸಾಲಿಗೆ 9 ಸಲದಂತೆ 12 ಸಾಲು ಬರೆದರೆ 108. ‘ಶ್ರೀರಾಮ’ ಎಂದು ಅವಸರವಿಲ್ಲದೆ ಬರೆಯಲು ನಾಲ್ಕು ಸೆಕೆಂಡ್ ಹಿಡಿದರೆ 108ಕ್ಕೆ ಏಳೆಂಟು ನಿಮಿಷ. ‘ಓಂ ನಮಃ ಶಿವಾಯ’ ಆದರೆ ಹದಿನೈದು ನಿಮಿಷದ ಹತ್ತಿರ. ಕೈ ಬರೆಯುತ್ತಿದ್ದಂತೆ ತುಟಿಯೂ ಮೆಲ್ಲನೆ ಆಡಲಿ, ಕಣ್ಣು ಅಕ್ಷರದ ಮೇಲಿರಲಿ. ಕೈ, ಕಣ್ಣು, ತುಟಿ ಮೂರಕ್ಕೂ ಒಂದೇ ಕೆಲಸ ಕೊಟ್ಟಾಗ ತಲೆಯಲ್ಲಿ ಗಿರಕಿ ಹೊಡೆಯುವ ಯೋಚನೆಗೆ ಜಾಗ ಕಡಿಮೆಯಾಗುತ್ತದೆ, ಉಸಿರೂ ನಿಧಾನವಾಗುತ್ತದೆ. ಆತಂಕದಿಂದ ಎದೆ ಹೊಡೆದುಕೊಳ್ಳುವವರಿಗೆ, ರಾತ್ರಿ ಮಲಗುವ ಮುಂಚೆ ಚಡಪಡಿಸುವವರಿಗೆ ಇದು ಒಗ್ಗುತ್ತದೆ.

ಕೋಟಿಯ ಸಂಕಲ್ಪ ಮಾತ್ರ ಈಗ ಬೇಡ. ಲೆಕ್ಕ ಹಾಕಿ ನೋಡಿ: ದಿನಕ್ಕೆ ಸಾವಿರ ಬರೆದರೂ ಕೋಟಿ ಮುಗಿಯಲು 10,000 ದಿನ, ಅಂದರೆ 27 ವರ್ಷದ ಮೇಲೆ. ಆರೋಗ್ಯವಾಗಿರುವವರಿಗೆ ಅದು ಬಾಳಿನ ಸಂಗಾತಿ. ಖಿನ್ನತೆಯಲ್ಲಿರುವವರಿಗೆ ಅದು ದಿನವೂ ತೀರದ ಸಾಲ. ಒಂದು ದಿನ ತಪ್ಪಿತು, ನನ್ನಿಂದ ಇದೂ ಆಗಲಿಲ್ಲ ಎಂಬ ಹೊಸ ಕೊರಗು ಹುಟ್ಟುತ್ತದೆ. 108ರ ಸಂಕಲ್ಪವೂ ಭಾರವೆನಿಸಿದರೆ 27 ಸಾಕು, ಮೂರು ಸಾಲು.

ಈ ಅಭ್ಯಾಸ ಕೆಡುವ ರೀತಿ ಒಂದಿದೆ, ಅದನ್ನು ಗಮನವಿಟ್ಟು ಓದಿ. ಒಂದು ಅಕ್ಷರ ವಾಲಿತು ಎಂದು ಪುಟ ಹರಿದು ಮೊದಲಿಂದ ಬರೆಯುವುದು. ಬರೆಯುವಾಗ ಕೆಟ್ಟ ಯೋಚನೆ ಬಂತು, ಎಣಿಕೆ ಕೆಟ್ಟಿತು ಎಂದು ಮತ್ತೆ ಒಂದರಿಂದ ಶುರುಮಾಡುವುದು. ದೇವರ ಮುಂದೆ ಕೂತಾಗಲೇ ದೇವರನ್ನು ಬೈಯುವ ಮಾತು, ಅಶ್ಲೀಲ ಚಿತ್ರ ಮನಸ್ಸಿಗೆ ನುಗ್ಗಿ, ಅದನ್ನು ತೊಳೆಯಲೆಂದು ಇನ್ನೂ 108 ಬರೆಯುವುದು. ಏಳು ನಿಮಿಷದ ಕೆಲಸ ಎರಡು ಗಂಟೆಯಾಗುವುದು. ಇದನ್ನು ಭಕ್ತಿ ಹೆಚ್ಚಾಯಿತೆಂದು ಮನೆಯವರು ಮೆಚ್ಚಿಕೊಳ್ಳುವುದುಂಟು, ಆದರೆ ಇದು ಗೀಳು ಕಾಯಿಲೆಯ ಗುರುತು. ಪದೇ ಪದೇ ಕೈ ತೊಳೆಯುವುದು, ಮಡಿ ಕೆಟ್ಟಿತೆಂದು ದಿನಕ್ಕೆ ನಾಲ್ಕೈದು ಸಲ ಸ್ನಾನ ಮಾಡುವುದು ಇದರ ಒಡಹುಟ್ಟು. ಬೇಡದ ಯೋಚನೆ ನುಗ್ಗುವುದು ಪಾಪವಲ್ಲ. ಯಾವುದನ್ನು ಅತಿ ಪವಿತ್ರವೆಂದು ನಂಬಿದ್ದೇವೋ ಅಲ್ಲಿಗೇ ಗೀಳು ಕೈ ಹಾಕುತ್ತದೆ. ಮತ್ತೆ ಬರೆದಾಗ ಒಂದು ಗಳಿಗೆ ನೆಮ್ಮದಿ ಸಿಗುತ್ತದೆ, ಆ ನೆಮ್ಮದಿಯೇ ಮುಂದಿನ ಸಲದ ಒತ್ತಾಯವನ್ನು ಬಲಪಡಿಸುತ್ತದೆ. ಹೀಗಾಗುತ್ತಿದ್ದರೆ ಲಿಖಿತ ಜಪ ನಿಲ್ಲಿಸಿ, ಮನೋವೈದ್ಯರನ್ನು ಕಾಣಿ. ಮಾತ್ರೆಯೂ ಇದೆ, ಯೋಚನೆ ಬಂದರೂ ತೊಳೆಯದೆ, ಮತ್ತೆ ಬರೆಯದೆ ಸುಮ್ಮನಿರುವುದನ್ನು ಹಂತ ಹಂತವಾಗಿ ಕಲಿಸುವ ಚಿಕಿತ್ಸೆಯೂ ಇದೆ. ಗೀಳಿಲ್ಲದವರಿಗೂ ಒಂದು ನಿಯಮ: ತಪ್ಪಿದ ಅಕ್ಷರವನ್ನು ಹಾಗೇ ಬಿಟ್ಟು ಮುಂದಕ್ಕೆ ಹೋಗಿ, ತಿದ್ದಬೇಡಿ.

ಮನಸ್ಸಿನ ನೋಟ್‌ಬುಕ್: ನಾಲ್ಕು ದಿನ, ಹದಿನೈದು ನಿಮಿಷ

ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ ಮತ್ತು ಸಹೋದ್ಯೋಗಿ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ತಮ್ಮನ್ನು ಅಲ್ಲಾಡಿಸಿದ ಸಂಗತಿಯ ಬಗ್ಗೆ ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆದಿದ್ದರು. ಆಮೇಲೆ ಬೇರೆ ಬೇರೆ ಕಡೆ ಅದೇ ಕ್ರಮವನ್ನು ಪರೀಕ್ಷಿಸಿದ್ದಾರೆ. ಪ್ರಯೋಜನ ದೊಡ್ಡದೇನಲ್ಲ, ಎಲ್ಲರಿಗೂ ಸಿಗುವುದೂ ಇಲ್ಲ. ಆದರೆ ಖರ್ಚಿಲ್ಲ, ಮನೆಯಲ್ಲೇ ಮಾಡಬಹುದು. ನಂಬಿಕೆಯವರಿಗೆ ಅದನ್ನು ಇಷ್ಟದೇವತೆಗೆ ಬರೆಯುವ ಕಾಗದವಾಗಿಸಿಕೊಂಡರೆ ಸಲೀಸು. ಯಾರಿಗೆ ಬರೆಯುತ್ತಿದ್ದೇನೆ ಎಂಬುದು ಗೊತ್ತಿದ್ದರೆ ಕೈ ತಡವರಿಸುವುದಿಲ್ಲ.

ಹೊತ್ತು: ಮರುಗಳಿಗೆಯೇ ಅಡುಗೆಗೋ ಆಫೀಸಿಗೋ ಓಡಬೇಕಾದ ಹೊತ್ತಿನಲ್ಲಿ ಬೇಡ, ಮಲಗುವ ಮುಂಚೆಯೂ ಬೇಡ. ಸಂಜೆ ದೀಪ ಹಚ್ಚಿದ ನಂತರ ಅರ್ಧ ಗಂಟೆ ಸಿಕ್ಕರೆ ಸರಿ. ಫೋನಿನ ಅಲಾರಂ ಬೇಡದವರು ಊದುಬತ್ತಿ ಇಟ್ಟುಕೊಳ್ಳಬಹುದು. ನಿಮ್ಮ ಮನೆಯ ಬತ್ತಿ ಎಷ್ಟು ಹೊತ್ತು ಉರಿಯುತ್ತದೆಂದು ಒಂದು ದಿನ ಗಡಿಯಾರ ಹಿಡಿದು ನೋಡಿಕೊಳ್ಳಿ. ಅರ್ಧ ಗಂಟೆ ಉರಿಯುವುದಾದರೆ ಅರ್ಧಕ್ಕೆ ಮುರಿದು ಹಚ್ಚಿ. ಬತ್ತಿ ಆರಿದಾಗ ವಾಕ್ಯದ ನಡುವೆ ಇದ್ದರೂ ನಿಲ್ಲಿಸಿ.

ಮೊದಲ ದಿನ, ಏನಾಯಿತು ಅನ್ನುವುದನ್ನು ಬರೆಯಿರಿ. ಎರಡನೇ ದಿನ, ಆಗ ಮೈಯಲ್ಲಿ ಏನಾಯಿತು, ಈಗ ನೆನೆದಾಗ ಏನಾಗುತ್ತದೆ. ಭಗವದ್ಗೀತೆಯ ಮೊದಲ ಅಧ್ಯಾಯದ ಹೆಸರೇ ಅರ್ಜುನ ವಿಷಾದ ಯೋಗ. ಅಲ್ಲಿ ಅರ್ಜುನ ತನ್ನ ದುಃಖ ಹೇಳುವಾಗ ಕೈಕಾಲು ಕುಸಿಯುತ್ತಿದೆ, ಬಾಯಿ ಒಣಗುತ್ತಿದೆ, ಮೈ ನಡುಗುತ್ತಿದೆ, ಚರ್ಮ ಸುಡುತ್ತಿದೆ, ಗಾಂಡೀವ ಕೈಯಿಂದ ಜಾರುತ್ತಿದೆ, ನಿಲ್ಲಲಾಗುತ್ತಿಲ್ಲ ಎನ್ನುತ್ತಾನೆ. ಮೊದಲು ಮೈಯ ಮಾತು, ಆಮೇಲೆ ವಾದ. ಕೃಷ್ಣ ಆ ಅಧ್ಯಾಯದಲ್ಲಿ ಉಪದೇಶಕ್ಕೆ ಬಾಯಿ ಹಾಕುವುದಿಲ್ಲ, ಅರ್ಜುನ ಹೇಳಿ ಮುಗಿಸುವವರೆಗೆ ಕೇಳಿಸಿಕೊಳ್ಳುತ್ತಾನೆ. ನಿಮ್ಮ ಪುಟವೂ ಹಾಗೇ ಇರಲಿ. ‘ಎಲ್ಲ ಅವನಿಚ್ಛೆ’ ಎಂಬ ಸಮಾಧಾನವನ್ನು ಮೊದಲ ಸಾಲಿಗೇ ತರಬೇಡಿ, ತಂದರೆ ಒಳಗಿನದು ಹೊರಗೆ ಬರುವುದಿಲ್ಲ.

ಮೂರನೇ ದಿನ, ಈ ಸಂಗತಿ ಬದುಕಿನ ಇನ್ಯಾವುದಕ್ಕೆ ತಗಲಿಕೊಂಡಿದೆ ಎಂಬುದು: ಕೆಲಸಕ್ಕೆ, ಮಕ್ಕಳನ್ನು ಗದರುವುದಕ್ಕೆ, ಹಬ್ಬಕ್ಕೆ ತವರಿಗೆ ಹೋಗದಿರುವುದಕ್ಕೆ. ನಾಲ್ಕನೇ ದಿನ, ನಾಳೆ ಮಾಡಬಹುದಾದ ಒಂದು ಸಣ್ಣ ಕೆಲಸ. ‘ದೇವರೇ, ಕಷ್ಟ ಕಳೆ’ ಎಂದು ಕಾಗದ ಮುಗಿಸದೆ ‘ನಾಳೆ ಅಕ್ಕನಿಗೆ ಫೋನ್ ಮಾಡುತ್ತೇನೆ’ ಎಂಬಂಥ ಸಾಲಿನಿಂದ ಮುಗಿಸಿ.

ಭಾಷೆಯ ಮಾತು ಒಂದಿದೆ. ಮನೆಯಲ್ಲಿ ಆಡುವ ಕನ್ನಡದಲ್ಲೇ, ಧಾರವಾಡದ್ದೋ ಮಂಡ್ಯದ್ದೋ ಕುಂದಾಪುರದ್ದೋ, ಹಾಗೇ ಬರೆಯಿರಿ. ಕಾಗುಣಿತ ನೋಡಬೇಡಿ. ವಿದೇಶದಲ್ಲಿ ಬೆಳೆದ ಮಕ್ಕಳಿಗೆ ಅಮ್ಮನ ಮಾತು ಕನ್ನಡದಲ್ಲೇ ಚುಚ್ಚಿರುತ್ತದೆ, ಬರೆಯಲು ಮಾತ್ರ ಇಂಗ್ಲಿಷ್ ಬರುತ್ತದೆ. ಅಂಥವರು ಚುಚ್ಚಿದ ವಾಕ್ಯವನ್ನು ಮಾತ್ರ ಕೇಳಿದ ಹಾಗೇ ಕನ್ನಡದಲ್ಲಿ ಬರೆದುಕೊಂಡು, ಉಳಿದದ್ದನ್ನು ಇಂಗ್ಲಿಷಿನಲ್ಲಿ ಬರೆಯಬಹುದು. ಸಹಿಸಲಾಗದಷ್ಟು ಬಿಸಿಯಿರುವ ಸಂಗತಿಗೆ ಬೇರೆ ಭಾಷೆ ಸ್ವಲ್ಪ ದೂರ ಕೊಡುತ್ತದೆ.

ಬರೆದ ಕೂಡಲೆ ಮನಸ್ಸು ಇನ್ನಷ್ಟು ಭಾರವಾಗುವುದು ಸಹಜ, ಸಾಮಾನ್ಯವಾಗಿ ಒಂದೆರಡು ಗಂಟೆಯಲ್ಲಿ ಇಳಿಯುತ್ತದೆ. ಮುಖ ತೊಳೆದು, ಬೇಕಿದ್ದರೆ ಆಗ ಜಪದ ನೋಟ್‌ಬುಕ್ ತೆಗೆದು ಮೂರು ಸಾಲು ಬರೆಯಿರಿ. ಎರಡನ್ನೂ ಜೊತೆಗೆ ಇಟ್ಟುಕೊಳ್ಳುವ ಲಾಭ ಇದೇ: ಒಂದು ತೋಡುತ್ತದೆ, ಇನ್ನೊಂದು ಮುಚ್ಚುತ್ತದೆ. ಮಾರನೇ ದಿನವೂ ಭಾರ ಇಳಿಯದಿದ್ದರೆ, ಅಥವಾ ನಾಲ್ಕು ದಿನವೂ ಒಂದೇ ವಾಕ್ಯ ಒಂದೇ ಮಾತಿನಲ್ಲಿ ಬರುತ್ತಿದ್ದರೆ ನಿಲ್ಲಿಸಿ. ಅದು ಬರೆದು ಹಗುರಾಗುವುದಲ್ಲ, ಹಳೇ ಗಾಯವನ್ನು ಕೆರೆಯುವುದು.

ಕೆಲವು ಸಂಗತಿಗಳನ್ನು ಒಬ್ಬರೇ ಕೂತು ಬರೆಯಬಾರದು. ಬರೆದರೆ ತಡೆದುಕೊಳ್ಳಲಾರೆ ಎನಿಸುವ ವಿಷಯಕ್ಕೆ ಕೈ ಹಾಕಬೇಡಿ. ಚಿಕ್ಕಂದಿನ ಲೈಂಗಿಕ ಹಿಂಸೆಯಂಥದ್ದಕ್ಕೆ ಆಪ್ತಸಮಾಲೋಚಕರ ಜೊತೆ ಬೇಕು. ಸಾವಿನ ಮನೆಯಲ್ಲಿ ಹದಿಮೂರು ದಿನದೊಳಗೆ ‘ಬರೆದುಬಿಡು, ಹಗುರಾಗುತ್ತೆ’ ಎಂದು ಯಾರನ್ನೂ ಒತ್ತಾಯಿಸಬೇಡಿ. ಆ ದಿನಗಳಲ್ಲಿ ಕ್ರಿಯೆಯ ಕೆಲಸಗಳು, ಬಂದುಹೋಗುವ ಜನರೇ ಸಾಕು. ಆಮೇಲೆ ಪ್ರತಿ ತಿಂಗಳ ಮಾಸಿಕದ ದಿನ ಹೋದವರಿಗೆ ಒಂದು ಪುಟ ಬರೆಯಬಹುದು: ಈ ತಿಂಗಳು ಮನೆಯಲ್ಲಿ ಏನಾಯಿತು, ಅವರು ಇದ್ದಿದ್ದರೆ ಏನನ್ನುತ್ತಿದ್ದರು. ವರ್ಷಾಬ್ದಿಕದ ಹೊತ್ತಿಗೆ ಆ ಹನ್ನೆರಡು ಪುಟಗಳನ್ನು ಒಟ್ಟಿಗೆ ಓದಿದರೆ ದುಃಖ ಎಲ್ಲಿಂದ ಎಲ್ಲಿಗೆ ಬಂದಿದೆ ಎಂಬುದು ಕಾಣುತ್ತದೆ.

ಇನ್ನೊಂದು ಎಚ್ಚರಿಕೆ. ನಿದ್ದೆಯೇ ಬೇಡವಾಗಿ ರಾತ್ರಿಯೆಲ್ಲ ಹತ್ತಾರು ಪುಟ ಬರೆಯುವುದು, ದೇವರು ತನಗೊಬ್ಬನಿಗೇ ಆಜ್ಞೆ ಕೊಡುತ್ತಿದ್ದಾನೆ ಎಂದು ಬರೆಯುವುದು, ಯಾರೂ ಇಲ್ಲದಾಗ ದನಿ ಕೇಳುವುದು: ಇವು ಕಂಡರೆ ನೋಟ್‌ಬುಕ್ ಮುಚ್ಚಿ, ಆ ವಾರವೇ ಮನೋವೈದ್ಯರಲ್ಲಿಗೆ ಹೋಗಬೇಕು.

‘ಇದು ನನ್ನ ಕರ್ಮ’ ಎಂದು ಬರೆದ ದಿನ

ಈ ಸಾಲು ಬಂದಾಗ ಪುಟಕ್ಕೆ ಎರಡು ಗೆರೆ ಎಳೆದು ಮೂರು ಅಂಕಣ ಮಾಡಿ. ಮೊದಲನೆಯದರಲ್ಲಿ ನಡೆದದ್ದು, ಎರಡನೆಯದರಲ್ಲಿ ಮನಸ್ಸು ಹೇಳಿದ್ದು, ಮೂರನೆಯದರಲ್ಲಿ ಗೊತ್ತಿರುವ ನಿಜ.

ನಡೆದದ್ದು: ‘ಎರಡೂವರೆ ತಿಂಗಳಿಗೆ ಗರ್ಭ ಹೋಯ್ತು.’ ಮನಸ್ಸು ಹೇಳಿದ್ದು: ‘ಹಿಂದಿನ ಜನ್ಮದ ಪಾಪ. ನಾಗರಪೂಜೆ ತಪ್ಪಿಸಿದ್ದೆ.’ ಗೊತ್ತಿರುವ ನಿಜ: ‘ಮೊದಲ ಮೂರು ತಿಂಗಳಲ್ಲಿ ಆಗೋ ಗರ್ಭಪಾತಗಳಲ್ಲಿ ಸುಮಾರು ಅರ್ಧಕ್ಕೆ ಭ್ರೂಣದ ವರ್ಣತಂತುಗಳ ದೋಷ ಕಾರಣ. ನಾನು ಮಾಡಿದ್ದಕ್ಕೂ ಬಿಟ್ಟಿದ್ದಕ್ಕೂ ಸಂಬಂಧ ಇಲ್ಲ.’

ಸಣ್ಣ ಸಂಗತಿಗೂ ಇದು ನಡೆಯುತ್ತದೆ. ‘ಸಾರಿಗೆ ಉಪ್ಪು ಜಾಸ್ತಿ ಅಂದ್ರು ಅತ್ತೆ.’ ‘ನಾನು ಯಾತಕ್ಕೂ ಲಾಯಕ್ಕಿಲ್ಲ.’ ‘ಉಪ್ಪು ಜಾಸ್ತಿ ಆಗಿದ್ದು ಹೌದು. ಅವರು ಹೇಳಿದ್ದು ಸಾರಿನ ಮಾತು.’

ಮೂರನೇ ಅಂಕಣ ಖಾಲಿ ಉಳಿದರೆ ಬಲವಂತವಾಗಿ ತುಂಬಿಸಬೇಡಿ. ಎರಡು ದಿನ ಬಿಟ್ಟು ನೋಡಿ, ಇಲ್ಲವೇ ಇದೇ ಕಷ್ಟ ತಂಗಿಗೆ ಬಂದಿದ್ದರೆ ನೀವು ಏನು ಹೇಳುತ್ತಿದ್ದಿರಿ ಎಂದು ಕೇಳಿಕೊಂಡು ಅದನ್ನೇ ಬರೆಯಿರಿ. ಕರ್ಮದ ನಂಬಿಕೆಯನ್ನು ಬಿಡಬೇಕಾಗಿಲ್ಲ. ಆದರೆ ಮುಂದೆ ಏನು ಮಾಡಲಿ ಎಂದು ಕೇಳಿಸುವ ಕರ್ಮ ಬೇರೆ, ಅನುಭವಿಸು ಎಂದು ಮೂಲೆಯಲ್ಲಿ ಕೂರಿಸುವ ಕರ್ಮ ಬೇರೆ. ಎರಡನೆಯದರ ದನಿ ಬಹಳ ಸಲ ಖಿನ್ನತೆಯ ದನಿಯೇ.

ಡಾಕ್ಟರಿಗೆ ಒಯ್ಯುವ ಪುಟ

ದಿನದ ಹೆಚ್ಚು ಹೊತ್ತು ಮಂಕು, ಯಾವುದರಲ್ಲೂ ಆಸಕ್ತಿಯಿಲ್ಲ, ಹೀಗೆ ಎರಡು ವಾರ ದಾಟಿದರೆ ಕಾಯಬೇಡಿ. ನಿಮ್ಹಾನ್ಸ್ ಮುಂದಾಳತ್ವದ 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಶೇ 10.6ರಷ್ಟು ಮಂದಿಗೆ ಮಾನಸಿಕ ಕಾಯಿಲೆ ಇತ್ತು. ಕಾಯಿಲೆಗೆ ತಕ್ಕಂತೆ ಶೇ 70ರಿಂದ 92ರಷ್ಟು ಜನ ಚಿಕಿತ್ಸೆಯಿಲ್ಲದೆ ಇದ್ದರು. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರಿರುತ್ತಾರೆ. ಕರ್ನಾಟಕ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೂ ಬರುತ್ತಾರೆ. ಯಾವ ಮಂಗಳವಾರ ಎಂದು ಮೊದಲೇ ಕೇಳಿಕೊಂಡು ಹೋಗಿ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಇದ್ದೇ ಇವೆ.

ನೋಟ್‌ಬುಕ್ ಇಡೀ ಒಯ್ಯಬೇಡಿ, ಒಂದು ಪುಟ ಸಾಕು: ಯಾವಾಗಿಂದ ಶುರು, ಕಳೆದ ವಾರ ದಿನವೂ ಎಷ್ಟು ಗಂಟೆ ನಿದ್ದೆ, ಊಟ, ತೂಕ, ಯಾವ ಕೆಲಸ ಮಾಡಲಾಗುತ್ತಿಲ್ಲ, ಈಗ ತೆಗೆದುಕೊಳ್ಳುವ ಎಲ್ಲ ಮಾತ್ರೆ (ಆಯುರ್ವೇದದ್ದೂ ಸೇರಿ), ಮನೆಯಲ್ಲಿ ಯಾರಿಗಾದರೂ ಹೀಗಾಗಿತ್ತೇ, ಸಾಯುವ ಯೋಚನೆ ಬಂದಿದೆಯೇ. ಕೊನೆಗೆ ನಿಮ್ಮ ಉಪವಾಸ, ವ್ರತಗಳ ಪಟ್ಟಿ. ಈ ಕೊನೆಯದನ್ನು ಹೆಚ್ಚಿನವರು ಹೇಳುವುದೇ ಇಲ್ಲ, ಅಲ್ಲೇ ಅಪಾಯವಿರುವುದು.

ಉನ್ಮಾದ-ಖಿನ್ನತೆ ಎರಡೂ ಬಂದುಹೋಗುವ ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರು ನೀರೂ ಕುಡಿಯದೆ ಏಕಾದಶಿ ಮಾಡಿದರೆ, ಉಪ್ಪು ಬಿಟ್ಟು ವ್ರತ ಹಿಡಿದರೆ, ದೇಹ ಉಪ್ಪನ್ನು ಉಳಿಸಿಕೊಳ್ಳುವ ಭರದಲ್ಲಿ ಲಿಥಿಯಂ ಅನ್ನೂ ಹಿಡಿದಿಟ್ಟುಕೊಳ್ಳುತ್ತದೆ. ರಕ್ತದಲ್ಲಿ ಅದರ ಪ್ರಮಾಣ ವಿಷದ ಮಟ್ಟಕ್ಕೆ ಏರಬಹುದು. ಕೈ ಜೋರಾಗಿ ನಡುಗುವುದು, ವಾಂತಿ, ಭೇದಿ, ನಡಿಗೆ ತೂರಾಡುವುದು, ಮಾತು ತೊದಲುವುದು ಕಂಡರೆ ಅದೇ ದಿನ ಆಸ್ಪತ್ರೆಗೆ. ಬೈಪೋಲಾರ್ ಕಾಯಿಲೆಯವರಿಗೆ ಶಿವರಾತ್ರಿಯ ಜಾಗರಣೆಯೂ ಸಲ್ಲದು; ಒಂದು ರಾತ್ರಿಯ ನಿದ್ದೆಗೇಡು ಉನ್ಮಾದವನ್ನು ಎಬ್ಬಿಸಬಲ್ಲದು. ಸಂಜೆಯ ಪೂಜೆ ಮುಗಿಸಿ ಮಲಗಿ, ಬೆಳಿಗ್ಗೆ ಎದ್ದು ಅಭಿಷೇಕ ನೋಡಿ. ಕಾಯಿಲೆಯವರಿಗೆ ವ್ರತದಲ್ಲಿ ವಿನಾಯಿತಿ ಇದೆ ಎಂದು ನಿಮ್ಮ ಮನೆಯ ಪುರೋಹಿತರೇ ಹೇಳುತ್ತಾರೆ, ಕೇಳಿ ನೋಡಿ.

ಖಿನ್ನತೆಯ ಮಾತ್ರೆ ಕೆಲಸ ಶುರುಮಾಡಲು ಎರಡರಿಂದ ನಾಲ್ಕು ವಾರ ಬೇಕು. ಆ ವಾರಗಳಲ್ಲಿ ‘ಗುಣ ಕಾಣಲಿಲ್ಲ’ ಎಂದೋ, ಗುಣ ಕಂಡ ಮೇಲೆ ‘ಹರಕೆ ಫಲಿಸಿತು, ಇನ್ನು ಬೇಡ’ ಎಂದೋ ನಿಲ್ಲಿಸುವವರು ಬಹಳ. ಹರಕೆ ತೀರಿಸಿ, ಮಾತ್ರೆಯನ್ನು ಮಾತ್ರ ಡಾಕ್ಟರು ಹೇಳಿದಂತೆ ಹಂತ ಹಂತವಾಗಿ ಇಳಿಸಿ.

ದೇವಸ್ಥಾನದಲ್ಲಿ ಹೋಗಿ ತಂಗುವುದರಿಂದ ಏನಾದರೂ ಆಗುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಹುಡುಕಿದವರೂ ಇದ್ದಾರೆ. ತಮಿಳುನಾಡಿನ ಒಂದು ಮುತ್ತುಸ್ವಾಮಿ ಗುಡಿಯಲ್ಲಿ ತಂಗಿದ್ದ 31 ಮನೋರೋಗಿಗಳ ಅಧ್ಯಯನ 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಅವರ ಲಕ್ಷಣಗಳು ಸರಾಸರಿ ಶೇ 20ರಷ್ಟು ಇಳಿದಿದ್ದವು. ಅಲ್ಲಿ ವಿಶೇಷ ಮಾಟ-ಮಂತ್ರ ಇರಲಿಲ್ಲ. ಮನೆಯವರು ಜೊತೆಗಿದ್ದರು, ಗುಡಿಯ ಸಣ್ಣಪುಟ್ಟ ಕೆಲಸವಿತ್ತು, ಹೆದರಿಸುವವರಿರಲಿಲ್ಲ. ಹೊಡೆಯುವ, ಕಟ್ಟಿಹಾಕುವ, ಮಾತ್ರೆ ಕಸಿಯುವ ಜಾಗ ಯಾವ ದೇವರದ್ದಾದರೂ ಅಲ್ಲಿಗೆ ಹೋಗಬೇಡಿ.

ಮನೆಯವರಿಗೆ ಈ ನೋಟ್‌ಬುಕ್ ಸಿಕ್ಕರೆ

ಓದಬೇಡಿ. ಓದಿಬಿಟ್ಟಿದ್ದರೆ ಫೋಟೋ ತೆಗೆದು ಮನೆಯ ವಾಟ್ಸಾಪ್ ಗುಂಪಿಗೆ ಹಾಕಬೇಡಿ, ಬೈಯಬೇಡಿ. ಸಾಯುವ ಮಾತು ಕಣ್ಣಿಗೆ ಬಿದ್ದಿದ್ದರೆ ಮಾತ್ರ ಸುಮ್ಮನಿರಬೇಡಿ. ಪಕ್ಕದಲ್ಲಿ ಕೂತು ನೇರವಾಗಿ ಕೇಳಿ: ‘ಸಾಯಬೇಕು ಅನ್ನಿಸ್ತಿದೆಯಾ?’ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಬುದ್ಧಿ ಹೇಳಬೇಡಿ, ಆತ್ಮಹತ್ಯೆ ಮಹಾಪಾಪ ಎನ್ನಬೇಡಿ. ಪಾಪಿ ನಾನು ಎಂದು ಅವರು ಆಗಲೇ ನಂಬಿಕೊಂಡಿರುತ್ತಾರೆ. ‘ಎಷ್ಟು ದಿನದಿಂದ?’ ಎಂದು ಕೇಳಿ, ಹೇಳಲು ಬಿಡಿ. ಹೊಲದ ಔಷಧಿಯ ಡಬ್ಬಗಳನ್ನು ಅದೇ ಸಂಜೆ ಬೇರೆ ಮನೆಗೆ ಸಾಗಿಸಿ, ಮಾತ್ರೆಗಳಿಗೆ ಬೀಗ ಹಾಕಿ ದಿನಕ್ಕೆ ಬೇಕಾದಷ್ಟನ್ನೇ ಕೈಗೆ ಕೊಡಿ. ಆಗಲೇ ಯತ್ನ ನಡೆದುಹೋಗಿದ್ದರೆ ಕೇಸಿಗೆ ಹೆದರಿ ಆಸ್ಪತ್ರೆಗೆ ಹೋಗುವುದನ್ನು ತಡಮಾಡಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ ಪ್ರಕಾರ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರನ್ನು ಶಿಕ್ಷಿಸುವಂತಿಲ್ಲ.

14416ಕ್ಕೆ ಫೋನ್ ಮಾಡಿ, ಮಾತಾಡಲು ಅವರಿಗೇ ಕೊಡಿ, ಬೆಳಿಗ್ಗೆ ಆಸ್ಪತ್ರೆಗೆ ಜೊತೆಗೆ ಹೋಗಿ. ಆ ರಾತ್ರಿ ನಿಮ್ಮ ಹಾಸಿಗೆಯನ್ನು ಅವರ ಪಕ್ಕದಲ್ಲೇ ಹಾಸಿಕೊಳ್ಳಿ.